ಪ್ರದೀಪನ ಗೌಜಲ ಹಕ್ಕಿಗಳ ಪ್ರಶ್ನೆಗೆ ಅತ್ತೆಯ ಉತ್ತರ

ಪ್ರದೀಪ, ನಿನ್ನೆ ರಾತ್ರಿ ಮನೆಯವರ ಗುಂಪಿನಲ್ಲಿ ನೀನು ಹಾಕಿದ ಪ್ರಶ್ನೆಯನ್ನೂ ಅದರ ಕೆಳಗೆ ಎಲ್ಲರೂ ಕೊಟ್ಟ ಸಲಹೆಗಳನ್ನೂ ಬೆಳಿಗ್ಗೆ ಓದಿದೆ. ಮಾತನಾಡಿ ಕಳುಹಿಸಿದರೆ ಹದಿನೈದು ನಿಮಿಷದ ಧ್ವನಿ ಸಂದೇಶವಾಗುತ್ತದೆ, ಅದರೊಳಗಿನ ಅಳತೆಗಳನ್ನು ನೀನು ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಕೇಳಬೇಕಾಗುತ್ತದೆ. ಹಾಗಾಗಿ ಹೇಳಬೇಕೆಂದಿದ್ದನ್ನೆಲ್ಲ ಬರೆದೇ ಕಳುಹಿಸುತ್ತಿದ್ದೇನೆ. ನಿನ್ನ ಅರಸೀಕೆರೆಯ ಶೆಡ್ಡಿನಲ್ಲಿ ಮೊಟ್ಟೆಯಿಡುವ ಗೌಜಲ (ಕ್ವೇಲ್) ಹಕ್ಕಿಗಳು 300 ಇವೆ, ದೀಪಾವಳಿಗೆ ಮೊದಲು ದಿನಕ್ಕೆ 240 ಮೊಟ್ಟೆ ಬರುತ್ತಿತ್ತು, ಈಗ 190ಕ್ಕೆ ಇಳಿದಿದೆ, ಸಿಪ್ಪೆ ತೆಳುವಾಗಿ ಟ್ರೇಯಲ್ಲೇ ಒಡೆಯುತ್ತಿದೆ, ಸಂಜೆ ಏಳೂವರೆಗೆ ದೀಪ ಆರಿಸುತ್ತೀಯ, ಪ್ರೋಟೀನು ಹೆಚ್ಚಿರಲಿ ಎಂದು ಬ್ರಾಯ್ಲರ್ ಕೋಳಿಯ ಫೀಡನ್ನೇ ಹಾಕುತ್ತಿದ್ದೀಯ, ಅಂಗಡಿಯವರು ಗಿಡಮೂಲಿಕೆಯ ಪುಡಿಯ ಪೊಟ್ಟಣವೊಂದನ್ನು ತೋರಿಸಿದ್ದಾರೆ, ಅದನ್ನು ಕೊಳ್ಳಲೇ ಅಥವಾ ಮನೆಯಲ್ಲೇ ಮೆಂತ್ಯ, ಅರಿಶಿನ, ಶತಾವರಿ ಬೆರೆಸಲೇ ಎಂದು ಕೇಳಿದ್ದೀಯ. ನಿನ್ನ ಪ್ರಶ್ನೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಪುಡಿಯ ಮಾತಲ್ಲ, ಏಳೂವರೆಗೆ ಆರುವ ದೀಪ ಮತ್ತು ಬ್ರಾಯ್ಲರ್ ಫೀಡು. ಮೊದಲು ಅವೆರಡನ್ನು ಹೇಳಿ ಆಮೇಲೆ ಸೊಪ್ಪು ಬೇರುಗಳಿಗೆ ಬರುತ್ತೇನೆ.

ಅತ್ತಿಗೆ ಕೇಳಿದ ಮಾತು ನ್ಯಾಯವಾದದ್ದೇ: ಹೊಲದ ಬದುವಿನಲ್ಲಿ ಓಡಾಡುವ ಗೌಜಲಕ್ಕೆ ಯಾರೂ ಏನೂ ಹಾಕುವುದಿಲ್ಲ, ಇದಕ್ಕೇಕೆ ಇಷ್ಟು ಉಪಚಾರ ಎಂದು. ಅತ್ತಿಗೆ, ಇದು ಬದುವಿನ ಗೌಜಲವಲ್ಲ. ಇದು ಜಪಾನಿ ತಳಿ, ನಮ್ಮ ದೇಶಕ್ಕೆ 1974ರಲ್ಲಿ ಉತ್ತರ ಪ್ರದೇಶದ ಇಜ್ಜತ್‌ನಗರದ ಸಂಶೋಧನಾ ಕೇಂದ್ರದ ಮೂಲಕ ಬಂದದ್ದು. ಆರೇಳು ವಾರಕ್ಕೆ ಮೊಟ್ಟೆಯಿಡಲು ಶುರುಮಾಡಿ ವರ್ಷಕ್ಕೆ 250ಕ್ಕೂ ಹೆಚ್ಚು ಮೊಟ್ಟೆ ಕೊಡುವ ಹಕ್ಕಿಯಿದು. ಇದರ ತೂಕ ಸುಮಾರು 200 ಗ್ರಾಂ, ಒಂದು ಮೊಟ್ಟೆಯ ತೂಕ ಸುಮಾರು 10 ಗ್ರಾಂ. ಅಂದರೆ ಪ್ರತಿ ಇಪ್ಪತ್ತು ಮೊಟ್ಟೆಗೆ ಅದು ತನ್ನ ಮೈತೂಕದಷ್ಟನ್ನು ಹೊರಗೆ ಕೊಟ್ಟಿರುತ್ತದೆ, ಅಷ್ಟನ್ನೂ ದಿನಕ್ಕೆ ತಿನ್ನುವ 25ರಿಂದ 30 ಗ್ರಾಂ ಆಹಾರದಲ್ಲೇ ಹೊಂದಿಸಿಕೊಳ್ಳಬೇಕು. ಆ ಪುಟ್ಟ ಹಕ್ಕಿಯನ್ನು ಅಂಗೈಯಲ್ಲಿ ಹಿಡಿದಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ, ಅದರ ತೊಟ್ಟಿಯಲ್ಲಿ ಒಂದು ಗ್ರಾಮಿನಷ್ಟು ಜಾಗವನ್ನೂ ಸುಮ್ಮನೆ ಯಾವುದೋ ಪುಡಿಗೆ ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ.

ಈಗ ದೀಪದ ವಿಷಯ. ಹಕ್ಕಿಯ ಅಂಡಾಶಯ ಕೆಲಸ ಮಾಡಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ಅದಕ್ಕೆ ಸಿಗುವ ಬೆಳಕಿನ ಅವಧಿ. ಮೊಟ್ಟೆಯಿಡುವ ಗೌಜಲಕ್ಕೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಹಗಲು ಹನ್ನೊಂದೂವರೆ ಗಂಟೆಯಷ್ಟಕ್ಕೆ ಇಳಿಯುತ್ತದೆ. ನೀನು ಏಳೂವರೆಗೆ ದೀಪ ಆರಿಸಿದರೆ ಒಟ್ಟು ಬೆಳಕು 13 ಗಂಟೆ ಆಯಿತು, ಅಷ್ಟೆ. ಮೊಟ್ಟೆ ಇಳಿದದ್ದು ಹಬ್ಬ ಕಳೆದ ಮೇಲೆಯೇ ಎಂದು ನೀನೇ ಬರೆದಿದ್ದೀಯ. ಒಂದೇ ಸಲಕ್ಕೆ ಹೆಚ್ಚಿಸದೆ ವಾರಕ್ಕೆ ಅರ್ಧರ್ಧ ಗಂಟೆ ಮುಂದೂಡುತ್ತಾ ರಾತ್ರಿ ಹತ್ತರವರೆಗೆ ದೀಪವಿರುವಂತೆ ಮಾಡು, ಮತ್ತು ದಿನವೂ ಒಂದೇ ಹೊತ್ತಿಗೆ ಆರಲಿ. ಕರೆಂಟು ಕೈಕೊಡುವ ಊರಾದ್ದರಿಂದ ಬ್ಯಾಟರಿಯ ಮೇಲೆ ಉರಿಯುವ ಸಣ್ಣ ಎಲ್‌ಇಡಿ ಬಲ್ಬು ಎರಡಿದ್ದರೆ ಸಾಕು. ಈ ಒಂದು ಕೆಲಸ ಮಾಡದೆ ಶತಾವರಿಯನ್ನು ಕಿಲೋಗಟ್ಟಲೆ ಹಾಕಿದರೂ ಮೊಟ್ಟೆ ಏರುವುದಿಲ್ಲ.

ಸಿಪ್ಪೆಯ ವಿಷಯಕ್ಕೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡು. ಒಂದು ಗೌಜಲ ಮೊಟ್ಟೆಯ ಸಿಪ್ಪೆಯಲ್ಲಿ ಹತ್ತಿರಹತ್ತಿರ 0.3 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಬ್ರಾಯ್ಲರ್ ಫೀಡಿನಲ್ಲಿ ಕ್ಯಾಲ್ಸಿಯಂ ಇರುವುದು ಸುಮಾರು ಶೇ. 1, ಯಾಕೆಂದರೆ ಅದು ಮಾಂಸಕ್ಕಾಗಿ ಬೆಳೆಯುವ ಕೋಳಿಯ ಆಹಾರ. ನಿನ್ನ ಹಕ್ಕಿ ದಿನಕ್ಕೆ 27 ಗ್ರಾಂ ತಿಂದರೆ ಅದಕ್ಕೆ ಸಿಗುವುದು 0.27 ಗ್ರಾಂ, ಅದರಲ್ಲಿ ಮೈಗೆ ಹತ್ತುವುದು ಅರ್ಧದಷ್ಟು. ಉಳಿದದ್ದನ್ನು ಅದು ತನ್ನ ಮೂಳೆಯಿಂದ ತೆಗೆದು ಸಿಪ್ಪೆಗೆ ಹಾಕುತ್ತಿದೆ, ಪ್ರದೀಪ. ಹೀಗೇ ಬಿಟ್ಟರೆ ನಾಳೆ ಕಾಲು ಸೋತ ಹಕ್ಕಿಗಳನ್ನು ಕಾಣುತ್ತೀಯ. ಮೊಟ್ಟೆಯಿಡುವ ಗೌಜಲದ ಆಹಾರದಲ್ಲಿ ಕ್ಯಾಲ್ಸಿಯಂ ಶೇ. 3ರ ಆಸುಪಾಸು ಇರಬೇಕು, ಪ್ರೋಟೀನು ಶೇ. 20 ಇದ್ದರೆ ಸಾಲುತ್ತದೆ. ಇದ್ದ ಫೀಡು ಮುಗಿಯುವವರೆಗೆ ಕಿಲೋಗೆ 50ರಿಂದ 55 ಗ್ರಾಂ ಸುಣ್ಣಕಲ್ಲಿನ ಹರಳು ಅಥವಾ ಕಪ್ಪೆಚಿಪ್ಪಿನ ಹರಳು ಬೆರೆಸು. ಪೂರ್ತಿ ನುಣ್ಣನೆಯ ಪುಡಿ ಬೇಡ, ಅರ್ಧದಷ್ಟಾದರೂ ರವೆಗಿಂತ ಸ್ವಲ್ಪ ದಪ್ಪ ಇರಲಿ. ಆ ಹರಳು ಹಕ್ಕಿಯ ಹೊಟ್ಟೆಯಲ್ಲಿ ನಿಂತು, ಅದು ಏನೂ ತಿನ್ನದ ರಾತ್ರಿಯ ಹೊತ್ತಿನಲ್ಲೂ ನಿಧಾನವಾಗಿ ಕರಗುತ್ತಾ ಸಿಪ್ಪೆ ಕಟ್ಟಲು ಒದಗುತ್ತದೆ.

ನುಗ್ಗೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ತುಂಬಿದೆಯಲ್ಲ, ಅದನ್ನೇ ಹಾಕಿದರಾಗದೇ ಎಂದು ಹಾಸನದ ಭಾವ ಕೇಳಿದ್ದಾರೆ. ಭಾವ, ಒಣಗಿದ ನುಗ್ಗೆ ಸೊಪ್ಪಿನಲ್ಲಿ ಸುಮಾರು ಶೇ. 2 ಕ್ಯಾಲ್ಸಿಯಂ ಇರುವುದು ನಿಜ, ಆದರೆ ಆಹಾರಕ್ಕೆ ನಾವು ಬೆರೆಸುವುದೇ ಶೇ. 2ರಷ್ಟು ಸೊಪ್ಪಿನ ಪುಡಿ. ಒಂದು ಹಕ್ಕಿಯ ಪಾಲಿಗೆ ಅದು ಅರ್ಧ ಗ್ರಾಂ ಪುಡಿ, ಅದರೊಳಗಿನ ಕ್ಯಾಲ್ಸಿಯಂ 0.01 ಗ್ರಾಂ. ಸಿಪ್ಪೆಗೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಹಾಗೆಂದು ನುಗ್ಗೆ ಸೊಪ್ಪು ಬೇಡವೆಂದು ನಾನು ಹೇಳುತ್ತಿಲ್ಲ. ಮನೆಯಲ್ಲೇ ಸಿಗುವ ಸೊಪ್ಪುಗಳಲ್ಲಿ ನನಗೆ ಅತ್ಯಂತ ನಂಬಿಕೆಯಿರುವುದು ಅದರ ಮೇಲೆಯೇ. ಅದು ಮಾಡುವ ಕೆಲಸ ಬೇರೆ. ಮೊಟ್ಟೆಯ ಹಳದಿ ಭಾಗಕ್ಕೆ ಬಣ್ಣ ಬರುವುದು ಹಸಿರೆಲೆ, ಹಳದಿ ಜೋಳ, ಚೆಂಡು ಹೂಗಳಲ್ಲಿರುವ ಲ್ಯೂಟಿನ್‌ನಂತಹ ಬಣ್ಣದ ಅಂಶಗಳಿಂದ. ನುಗ್ಗೆ ಸೊಪ್ಪಿನ ಪುಡಿ ಕೊಡಲು ಶುರುಮಾಡಿ ಹತ್ತು ದಿನವಾದ ಮೇಲೆ ಒಂದು ಬಿಳಿ ತಟ್ಟೆಯಲ್ಲಿ ಹಳೆಯ ಆಹಾರದ ಮೊಟ್ಟೆಯೊಂದನ್ನೂ ಹೊಸದೊಂದನ್ನೂ ಪಕ್ಕಪಕ್ಕದಲ್ಲಿ ಒಡೆದು ನೋಡು: ಒಂದು ನಿಂಬೆಹಣ್ಣಿನ ಬಣ್ಣಕ್ಕಿದ್ದರೆ ಇನ್ನೊಂದು ಮಾಗಿದ ಮಾವಿನ ಬಣ್ಣಕ್ಕಿರುತ್ತದೆ. ಅರಿಶಿನ ಹಾಕಿದರೆ ಹಳದಿ ಭಾಗ ಗಾಢವಾಗುತ್ತದೆ ಎಂದು ಹಲವರು ನಂಬಿದ್ದಾರೆ, ನಾನೂ ನಂಬಿದ್ದೆ. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ಅಂಶ ಮೊಟ್ಟೆಯೊಳಗೆ ಹಾಗೆ ಸೇರುವುದಿಲ್ಲ, ಅದರಿಂದ ಹಳದಿಯ ಬಣ್ಣ ಅಷ್ಟಾಗಿ ಬದಲಾಗದು. ಅರಿಶಿನವನ್ನು ಕೊಡುವುದಾದರೆ ಬೇಸಿಗೆಯ ಬಳಲಿಕೆಗೆ, ಯಕೃತ್ತಿನ ಮೇಲಿನ ಒತ್ತಡ ತಗ್ಗಲಿ ಎಂಬುದಕ್ಕೆ ಕೊಡಬೇಕು, ಕಿಲೋ ಆಹಾರಕ್ಕೆ 5 ಗ್ರಾಂ ಮೀರದಂತೆ. ಅದಕ್ಕೆ ಅಂಗಡಿಯ ಬಿಡಿ ಪುಡಿಯನ್ನು ತರಬೇಡ. ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸಿದ ಅರಿಶಿನದ ಪುಡಿ ಮಾರುಕಟ್ಟೆಯಲ್ಲಿ ಸಿಕ್ಕಿಬಿದ್ದದ್ದು ಒಂದೆರಡು ಸಲವಲ್ಲ, ಆ ಸೀಸ ಹಕ್ಕಿಗೂ ಕೇಡು, ಮೊಟ್ಟೆ ತಿನ್ನುವ ಮಗುವಿಗೂ ಕೇಡು. ಚಾಮರಾಜನಗರದ ಕಡೆಯ ಕೊಂಬು ತರಿಸಿ ಗಿರಣಿಯಲ್ಲಿ ಎದುರೇ ನಿಂತು ಬೀಸಿಸಿಕೋ.

ಸೊಪ್ಪನ್ನು ಒಣಗಿಸುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಲಾಭಕ್ಕಿಂತ ಹೆಚ್ಚು ಹಾನಿಯಾಗುವುದು ಇಲ್ಲೇ. ಕಡ್ಡಿ ಬಿಡಿಸಿ ಬರೀ ಎಲೆಯನ್ನು ಹತ್ತಿಯ ಬಟ್ಟೆಯ ಮೇಲೆ ತೆಳ್ಳಗೆ ಹರಡಿ ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು, ಬಿಸಿಲಿಗೆ ಹಾಕಿದರೆ ಬಣ್ಣ ಕೊಡುವ ಅಂಶವೇ ಹೋಗುತ್ತದೆ. ಹಿಡಿಯಲ್ಲಿ ಹಿಸುಕಿದರೆ ಎಲೆ ಪುಡಿಯಾಗಬೇಕು, ಮಡಚಿಕೊಳ್ಳಬಾರದು. ಎರಡು ವರ್ಷದ ಹಿಂದೆ ಶ್ರಾವಣದ ಮಳೆಯಲ್ಲಿ ಅರೆಬರೆ ಒಣಗಿದ ಸೊಪ್ಪನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿಟ್ಟಿದ್ದೆ. ಮೂರನೆಯ ವಾರ ಮುಚ್ಚಳ ತೆಗೆದಾಗ ಮುಗ್ಗಲು ವಾಸನೆ ಬಂತು, ತಳದಲ್ಲಿ ಗಂಟುಕಟ್ಟಿತ್ತು, ಆದರೂ ಮೇಲಿನದು ಚೆನ್ನಾಗಿದೆಯಲ್ಲ ಎಂದು ಆರಿಸಿ ಹಾಕಿದೆ. ಹತ್ತು ದಿನದಲ್ಲಿ ಒಂಬತ್ತು ಹಕ್ಕಿಗಳು ಹೋದವು. ಪಶುವೈದ್ಯರು ಒಂದನ್ನು ಕೊಯ್ದು ಮಾಸಲು ಹಳದಿಗೆ ತಿರುಗಿದ ಯಕೃತ್ತನ್ನು ತೋರಿಸಿ, ಬೂಷ್ಟಿನ ವಿಷದಂತೆ ಕಾಣುತ್ತದೆ ಎಂದರು. ಬೂಷ್ಟಿನಿಂದಾಗುವ ಅಫ್ಲಾಟಾಕ್ಸಿನ್ ಎಂಬ ವಿಷ ಬೂಷ್ಟು ಹಿಡಿದ ಜಾಗಕ್ಕಷ್ಟೇ ಸೀಮಿತವಲ್ಲ, ಅದು ಕಣ್ಣಿಗೂ ಕಾಣದು, ಕುದಿಸಿದರೂ ಹೋಗದು. ಮುಗ್ಗಲು ವಾಸನೆ ಬಂದ ಡಬ್ಬಿಯನ್ನು ಇಡಿಯಾಗಿ ಹೂಳಿಬಿಡು. ನನ್ನ ಕೈಯಾರೆ ಆದ ಆ ಸಾವುಗಳು ಇಂದಿಗೂ ನನ್ನನ್ನು ನೋಯಿಸುತ್ತವೆ.

ಮೆಂತ್ಯಕ್ಕೆ ಬರುತ್ತೇನೆ. ಅಲ್ಪ ಪ್ರಮಾಣದಲ್ಲಿ ಅದು ಹಸಿವನ್ನು ಹೆಚ್ಚಿಸುತ್ತದೆ, ಜೀರ್ಣಕ್ಕೂ ಒಳ್ಳೆಯದು. ಕಿಲೋಗೆ 10 ಗ್ರಾಂ, ಅಂದರೆ ಶೇ. 1 ನಾನು ಹಾಕಿಕೊಂಡಿರುವ ಗಡಿ. ಒಮ್ಮೆ ಶೇ. 3 ಹಾಕಿ ನೋಡಿದ್ದೆ. ಎರಡನೆಯ ದಿನ ಸಂಜೆ ತೊಟ್ಟಿಯ ಮುಂದೆ ಕುಳಿತು ಗಮನಿಸಿದಾಗ ಹಕ್ಕಿಗಳು ಕೊಕ್ಕಿನಿಂದ ಆಹಾರವನ್ನು ಅತ್ತಿತ್ತ ಸರಿಸಿ ಜೋಳದ ನುಚ್ಚನ್ನಷ್ಟೇ ಆರಿಸಿ ತಿನ್ನುತ್ತಿದ್ದವು, ಕಹಿಯಾದ ಹಳದಿ ಪುಡಿ ತೊಟ್ಟಿಯ ತಳದಲ್ಲಿ ಪದರವಾಗಿ ಕುಳಿತಿತ್ತು, ಅದರ ಜೊತೆಗೇ ಸೋಯಾ ಹಿಂಡಿಯ ಪುಡಿಯೂ ಖನಿಜ ಮಿಶ್ರಣವೂ ಅಲ್ಲೇ ಉಳಿದಿದ್ದವು. ಮೆಂತ್ಯದ ಲೋಳೆಯಿಂದ ಹಿಕ್ಕೆಯೂ ಅಂಟಂಟಾಗಿತ್ತು. ಆವತ್ತಿನಿಂದ ಯಾವ ಪುಡಿಯನ್ನೇ ಆಗಲಿ ಮೊದಲು ಎರಡು ಹಿಡಿ ಆಹಾರದಲ್ಲಿ ಕಲಸಿ, ಅದನ್ನು ಒಂದು ಕಿಲೋದಲ್ಲಿ, ಆಮೇಲೆ ಪೂರ್ತಿ ರಾಶಿಯಲ್ಲಿ ಬೆರೆಸುತ್ತೇನೆ. ಕಿಲೋಗೆ ಒಂದು ಚಮಚ ಅಡುಗೆ ಎಣ್ಣೆ ಸವರಿದರೆ ಪುಡಿ ನುಚ್ಚಿಗೆ ಅಂಟಿಕೊಳ್ಳುತ್ತದೆ. ನಿನ್ನ 300 ಹಕ್ಕಿಗೆ ದಿನಕ್ಕೆ ಬೇಕಾಗುವುದು ಸುಮಾರು 8 ಕಿಲೋ ಆಹಾರ, ಅದಕ್ಕೆ ಮೆಂತ್ಯ 80 ಗ್ರಾಂ, ನುಗ್ಗೆ 160 ಗ್ರಾಂ. ಕಣ್ಣಂದಾಜು ಬೇಡ, ತಕ್ಕಡಿಯಲ್ಲೇ ತೂಗು.

ಶತಾವರಿಗೆ ಹೆಸರು ಬಂದಿರುವುದು ಹಸುವಿನ ಹಾಲಿಗೆ, ಬಾಣಂತಿಯ ಹಾಲಿಗೆ. ಹಕ್ಕಿಯ ಮೊಟ್ಟೆಗೆ ಅಷ್ಟು ಬೆಲೆಯ ಬೇರನ್ನು ಹಾಕುವುದು ನನ್ನ ಮಟ್ಟಿಗೆ ಸರಿಯಲ್ಲ, ಆ ಹಣದಲ್ಲಿ ಚಿಪ್ಪಿನ ಹರಳು ತಂದುಕೋ. ಭಾವ ಹೇಳಿದ ಬೆಳ್ಳುಳ್ಳಿಯಿಂದ ಮೊಟ್ಟೆಯ ಕೊಲೆಸ್ಟ್ರಾಲ್ ಸ್ವಲ್ಪ ಇಳಿದದ್ದು ಕೆಲವು ಪ್ರಯೋಗಗಳಲ್ಲಿ ಕಂಡಿದೆ, ಕೆಲವುಗಳಲ್ಲಿ ಕಂಡಿಲ್ಲ. ಆದ್ದರಿಂದ ಟ್ರೇಯ ಮೇಲೆ ಕೊಲೆಸ್ಟ್ರಾಲ್ ಇಲ್ಲದ ಮೊಟ್ಟೆ ಎಂದು ಚೀಟಿ ಅಂಟಿಸುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡು, ಅಂತಹ ಮೊಟ್ಟೆ ಎಲ್ಲೂ ಇಲ್ಲ. ಅತ್ತಿಗೆ ಹೇಳಿದ ಬೇವಿನ ಸೊಪ್ಪನ್ನು ಶೆಡ್ಡಿನ ಸುತ್ತ ಹೊಗೆ ಹಾಕಲು ಇಟ್ಟುಕೊಳ್ಳಿ, ಮೊಟ್ಟೆಯಿಡುವ ಹಕ್ಕಿಯ ಹೊಟ್ಟೆಗೆ ಬೇಡ, ಕಹಿಗೆ ಅವು ತಿನ್ನುವುದನ್ನೇ ಕಡಿಮೆ ಮಾಡುತ್ತವೆ. ಬೇಲಿಯ ಸುಬಾಬುಲ್ ಸೊಪ್ಪಂತೂ ಬೇಡವೇ ಬೇಡ, ಅದರಲ್ಲಿ ಮಿಮೋಸಿನ್ ಎಂಬ ವಿಷವಿದೆ. ನೆಲ್ಲಿಕಾಯಿಯ ಪುಡಿಯನ್ನು ಶಿವರಾತ್ರಿ ಕಳೆದ ಮೇಲೆ ಶುರುಮಾಡು: ಹಕ್ಕಿ ತನಗೆ ಬೇಕಾದ ವಿಟಮಿನ್ ಸಿ ಅನ್ನು ತಾನೇ ಮೂತ್ರಪಿಂಡದಲ್ಲಿ ತಯಾರಿಸಿಕೊಳ್ಳುತ್ತದೆ, ಆದರೆ ಬಿಸಿಲ ಝಳದಲ್ಲಿ ಅದು ಸಾಲುವುದಿಲ್ಲ, ಆಗ ನೆಲ್ಲಿ ಒದಗುತ್ತದೆ. ಈಗಿನ ಚಳಿಗೆ ಅದರ ಅಗತ್ಯವಿಲ್ಲ.

ಅಂಗಡಿಯ ಪೊಟ್ಟಣದ ಹಿಂಬದಿಯ ಫೋಟೋ ಕಳುಹಿಸಿದ್ದೀಯ. ಹನ್ನೊಂದು ಮೂಲಿಕೆಗಳ ಹೆಸರಿದೆ, ಯಾವುದು ಎಷ್ಟು ಗ್ರಾಂ ಎಂಬುದು ಒಂದಕ್ಕೂ ಇಲ್ಲ, ತಯಾರಾದ ದಿನಾಂಕವೂ ಅಳಿಸಿಹೋಗಿದೆ. ಪ್ರಮಾಣ ಬರೆಯದ ಪೊಟ್ಟಣವನ್ನು ನಾನು ಕೊಳ್ಳುವುದಿಲ್ಲ. ಒಳ್ಳೆಯ ತಯಾರಿಕೆಗಳೂ ಇವೆ, ಅವುಗಳ ಮೇಲೆ ಅಂಶ, ಪ್ರಮಾಣ, ಕೊಡುವ ಅವಧಿ ಮೂರೂ ಬರೆದಿರುತ್ತವೆ. ಆಹಾರದ ಬಗ್ಗೆಯೇ ಕೇಳಬೇಕೆಂದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ, ಆಡುಗೋಡಿಯಲ್ಲಿ ಪ್ರಾಣಿಗಳ ಪೋಷಣೆಗೆಂದೇ ಇರುವ ರಾಷ್ಟ್ರೀಯ ಸಂಸ್ಥೆಯಿದೆ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಬೆಳವಣಿಗೆಗಾಗಿ ಆಹಾರದಲ್ಲಿ ಆಂಟಿಬಯೋಟಿಕ್ ಬೆರೆಸುವುದನ್ನು ಯುರೋಪಿನ ಒಕ್ಕೂಟ 2006ರಿಂದ ನಿಲ್ಲಿಸಿತು, ನಮ್ಮ ಸರ್ಕಾರವೂ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಕೊಡುವುದನ್ನು 2019ರಲ್ಲಿ ನಿಷೇಧಿಸಿತು. ಮೂಲಿಕೆಗಳಿಗೆ ಬೇಡಿಕೆ ಬಂದಿರುವುದಕ್ಕೆ ಇದೂ ಒಂದು ಕಾರಣ, ಅದು ಒಳ್ಳೆಯದೇ. ಆದರೆ ಕಾಯಿಲೆ ಬಿದ್ದ ಹಕ್ಕಿಗೆ ಮೂಲಿಕೆಯೇ ಮದ್ದು ಎಂದು ಕಾಯಬಾರದು. ಗೌಜಲಗಳಿಗೆ ಕರುಳಿನಲ್ಲಿ ಹುಣ್ಣಾಗುವ ಒಂದು ರೋಗವಿದೆ, ಅದಕ್ಕೆ ಕ್ವೇಲ್ ರೋಗ ಎಂದೇ ಹೆಸರು. ಹಕ್ಕಿ ಗರಿ ಕೆದರಿಕೊಂಡು ಮುದುಡಿ ಕುಳಿತು ನೀರುನೀರಾಗಿ ಬಿಳಿ ಹಿಕ್ಕೆ ಹಾಕುತ್ತದೆ, ಎರಡು ಮೂರು ದಿನದಲ್ಲಿ ಪಂಜರಕ್ಕೆ ಪಂಜರವೇ ಖಾಲಿಯಾಗಬಹುದು. ಅಂತಹದ್ದು ಕಂಡ ದಿನವೇ ಸತ್ತ ಹಕ್ಕಿಯೊಂದನ್ನು ಚೀಲದಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋಗು, ವೈದ್ಯರು ಬರೆದ ಔಷಧಿಯನ್ನು ಹೇಳಿದಷ್ಟು ದಿನ ಕೊಡು, ಅವರು ಹೇಳುವವರೆಗೆ ಆ ಮೊಟ್ಟೆಗಳನ್ನು ಮಾರಬೇಡ.

ಈಗ ಮಾಡಬೇಕಾದದ್ದು ಇಷ್ಟು. ಈ ವಾರದಿಂದ ದೀಪ ಮತ್ತು ಚಿಪ್ಪಿನ ಹರಳು ಮಾತ್ರ ಸರಿಮಾಡು, ಮೂರು ವಾರ ಯಾವ ಪುಡಿಯನ್ನೂ ಮುಟ್ಟಬೇಡ. ಆಮೇಲೆ ಒಂದೇ ವಯಸ್ಸಿನ 60 ಹಕ್ಕಿಗಳ ಎರಡು ಗುಂಪು ಮಾಡಿ ಒಂದಕ್ಕೆ ಮಾತ್ರ ನುಗ್ಗೆ ಪುಡಿ ಕೊಟ್ಟು ಆರು ವಾರ ನೋಡು. ಗೌಜಲ ಮೊಟ್ಟೆಯಿಡುವುದು ಹೆಚ್ಚಾಗಿ ಮಧ್ಯಾಹ್ನ ಮೂರರಿಂದ ಸಂಜೆ ಆರರೊಳಗೆ, ಹಾಗಾಗಿ ಎಣಿಕೆಯನ್ನು ಬೆಳಿಗ್ಗೆ ಮಾಡದೆ ರಾತ್ರಿ ದೀಪ ಆರಿಸುವ ಮೊದಲು ಮಾಡು. ವಾರಕ್ಕೊಮ್ಮೆ ಪ್ರತಿ ಗುಂಪಿನಿಂದ ಹತ್ತು ಮೊಟ್ಟೆ ತೂಗಿ, ಒಡೆದವುಗಳನ್ನೂ ಬಿಡದೆ ಬರೆದಿಡು. ಭಾನುವಾರ ಆ ಪುಸ್ತಕದ ಪುಟದ ಫೋಟೋವನ್ನು ಇಲ್ಲಿಗೇ ಹಾಕು, ನನ್ನ ಶೆಡ್ಡಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ ಮೆಂತ್ಯ ಯಾವಾಗ ಶುರುಮಾಡಬೇಕೆಂದು ಹೇಳುತ್ತೇನೆ.