ಸಾವರಿನ್: ದೊರೆಯೋ, ನಾಣ್ಯವೋ, ನಾವೋ?

‘ಸಾವರಿನ್ ಗೋಲ್ಡ್ ಬಾಂಡ್ ಕೊಂಡರೆ ಕೊನೆಗೆ ಪವನ್ ಲೆಕ್ಕದಲ್ಲಿ ಚಿನ್ನ ಕೈಗೆ ಬರುತ್ತದೆಯೇ?’ ಎಂದು ಉಡುಪಿಯ ಹಿರಿಯರೊಬ್ಬರು ಕೇಳಿದ್ದಾರೆ. ಬರುವುದಿಲ್ಲ. 2015ರಲ್ಲಿ ಶುರುವಾದ ಆ ಬಾಂಡಿನ ಲೆಕ್ಕ ಗ್ರಾಮಿನದು, ಅವಧಿ ಮುಗಿದಾಗ ಸಿಗುವುದು ರೂಪಾಯಿ. ಆದರೆ ಅವರು ಹೀಗೆ ಕೇಳಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಬಾಂಡಿನ ಹೆಸರಿನಲ್ಲಿರುವ ಪದವೂ ಚಿನಿವಾರರ ಅಂಗಡಿಯ ‘ಸವರನ್’, ಅಂದರೆ ಪವನ್, ಕೂಡ ಒಂದೇ ಇಂಗ್ಲಿಷ್ ಪದ. ಒಂದು ಕಡೆ ಅದು ಸರ್ಕಾರ, ಇನ್ನೊಂದು ಕಡೆ ಎಂಟು ಗ್ರಾಂ.

ಮೂಲದಲ್ಲಿ ಇದು ರಾಜನ ಹೆಸರೂ ಅಲ್ಲ. ಲ್ಯಾಟಿನ್ನಿನ ‘ಸುಪೆರ್’ ಎಂದರೆ ಮೇಲೆ. ಸಂಸ್ಕೃತದ ‘ಉಪರಿ’ ಇದರ ದಾಯಾದಿ. ಅದರಿಂದ ‘ಸುಪೆರಾನುಸ್’, ಅಂದರೆ ಮೇಲಿರುವವನು, ಎಂಬ ರೂಪ ಹುಟ್ಟಿ, ಹಳೆಯ ಫ್ರೆಂಚಿನಲ್ಲಿ ಸವೆದು, 13ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂದಿತು. ಇಟಲಿಯ ದಾರಿ ಹಿಡಿದ ಅದೇ ಬೇರು ‘ಸೊಪ್ರಾನೊ’ ಆಯಿತು. ಪಾಶ್ಚಾತ್ಯ ಸಂಗೀತದಲ್ಲಿ ಎಲ್ಲಕ್ಕಿಂತ ಮೇಲಿನ ಕಂಠ ಅದು. ಹಾಡುಗಾರ್ತಿಯೂ ದೊರೆಯೂ ಹೀಗೆ ಒಂದೇ ಮನೆಯವರು.

ಇನ್ನು ಆ ಕಾಗುಣಿತದ ವಿಚಾರ. ಇಂಗ್ಲಿಷಿನಲ್ಲಿ ಬರೆದಾಗ ಈ ಪದದ (sovereign) ಕೊನೆಯಲ್ಲಿ ‘ರೇನ್’ (reign), ಅಂದರೆ ಆಳ್ವಿಕೆ ಎಂಬ ಪದ ಇಡಿಯಾಗಿ ಕುಳಿತಿರುವುದು ಕಾಣುತ್ತದೆ. ರೇನ್ ಬಂದದ್ದು ‘ರೆಗ್ನುಮ್’ ಎಂಬ ಲ್ಯಾಟಿನ್ ಪದದಿಂದ, ಅದು ನಮ್ಮ ‘ರಾಜ’ನಿಗೆ ನಿಜವಾಗಿಯೂ ಬಂಧು. ಹಾಗಾದರೆ ಸಾವರಿನ್‌ನಲ್ಲೂ ರಾಜನಿದ್ದಾನೆ ಎಂದುಕೊಳ್ಳುವುದು ಸಹಜ. ಆದರೆ ಮೂಲ ಫ್ರೆಂಚ್ ರೂಪದಲ್ಲಿ ಆ ‘ಜಿ’ ಅಕ್ಷರಕ್ಕೆ ಜಾಗವೇ ಇರಲಿಲ್ಲ. ಬರೆಯುವವರು ಆಳುವವನನ್ನು ಕಂಡು ಆಳ್ವಿಕೆಯನ್ನೂ ಅಂಟಿಸಿಬಿಟ್ಟರು. ‘ಫಾರಿನ್’ ಪದದ ‘ಜಿ’ ಕೂಡ ಹೀಗೆ ಹೊರಗಿನಿಂದ ಸೇರಿಕೊಂಡದ್ದೇ. ಕವಿ ಮಿಲ್ಟನ್ ಇಟಲಿಯ ರೂಪವನ್ನು ಅನುಸರಿಸಿ ‘ಸಾವ್ರನ್’ ಎಂದೇ ಬರೆದ, ಆದರೆ ಲೋಕ ಅವನ ಮಾತು ಕೇಳಲಿಲ್ಲ.

ಈ ಪದ ಮೇಲಿರುವವರೆಲ್ಲರಿಗೂ ಸಲ್ಲುತ್ತಿದ್ದುದರಿಂದ ಹಳೆಯ ಬಳಕೆಗಳು ಸ್ವಾರಸ್ಯವಾಗಿವೆ. ಕ್ರೈಸ್ತ ಮಠದ ಮುಖ್ಯಸ್ಥನೂ ಸಾವರಿನ್. ಷೇಕ್ಸ್‌ಪಿಯರನ ಒಂದು ನಾಟಕದ ಕೊನೆಯಲ್ಲಿ ಹೆಂಡತಿಗೆ ಗಂಡನೇ ಸಾವರಿನ್ ಎಂಬ ಉಪದೇಶ ಬರುತ್ತದೆ. ರೋಗವನ್ನು ಖಂಡಿತ ವಾಸಿ ಮಾಡುವ ಮದ್ದೂ ಸಾವರಿನ್. ಇದನ್ನು ಕನ್ನಡಕ್ಕೆ ತರುವಾಗ ‘ಸಾರ್ವಭೌಮ ಔಷಧ’ ಎಂದು ಬರೆದು ನಗೆಪಾಟಲಾಗುವುದು ಬೇಡ. ನಮ್ಮಲ್ಲಿ ‘ರಾಮಬಾಣ’ ಇದೆ, ಅದರಲ್ಲೂ ಒಬ್ಬ ರಾಜನಿದ್ದಾನೆ.

ನಾಣ್ಯಕ್ಕೆ ಬರೋಣ. 1489ರಲ್ಲಿ ಇಂಗ್ಲೆಂಡಿನ ದೊರೆ ಏಳನೆಯ ಹೆನ್ರಿ ಇಪ್ಪತ್ತು ಶಿಲಿಂಗ್ ಬೆಲೆಯ ಚಿನ್ನದ ನಾಣ್ಯವನ್ನು ಹೊರಡಿಸಿದ. ಸಿಂಹಾಸನದ ಮೇಲೆ ಕುಳಿತ ದೊರೆಯ ಚಿತ್ರ ಅದರ ಮೇಲಿತ್ತು, ಹಾಗಾಗಿ ನಾಣ್ಯಕ್ಕೂ ಅವನ ಹೆಸರೇ. ನಡುವೆ ಎರಡು ಶತಮಾನ ಮರೆಯಾಗಿ 1817ರಲ್ಲಿ ಮತ್ತೆ ಬಂದದ್ದು ನಾವು ಬಲ್ಲ ಸವರನ್: 22 ಕ್ಯಾರೆಟ್, ತೂಕ 7.98 ಗ್ರಾಂ, ಹಿಂಬದಿಯಲ್ಲಿ ಡ್ರ್ಯಾಗನ್ ಕೊಲ್ಲುವ ಸಂತ ಜಾರ್ಜ್. ಅದರ ಬೆಲೆ ಒಂದು ಪೌಂಡ್ ಆಗಿದ್ದುದರಿಂದ ಪೌಂಡ್ ಎಂಬುದು ನಮ್ಮ ಬಾಯಲ್ಲಿ ‘ಪವನ್’ ಆಯಿತು. 1918ರಲ್ಲಿ ಮುಂಬಯಿಯ ಟಂಕಸಾಲೆಯಲ್ಲೇ ಸುಮಾರು 13 ಲಕ್ಷ ಸವರನ್‌ಗಳನ್ನು ಅಚ್ಚುಹಾಕಿದರು. ಅವುಗಳ ಮೇಲೆ ‘ಐ’ ಎಂಬ ಪುಟ್ಟ ಗುರುತು ಇದೆ. ಹಳೆಯ ಕಾಸಿನ ಸರ ಇರುವವರು ಭೂತಗನ್ನಡಿ ಹಿಡಿದು ನೋಡಬಹುದು. ಈಗ ನಾಣ್ಯ ಚಲಾವಣೆಯಲ್ಲಿಲ್ಲ, ಅದರ ತೂಕ ಮಾತ್ರ ದುಂಡಗೆ ಎಂಟು ಗ್ರಾಂ ಆಗಿ ಮದುವೆ ಮಾತುಕತೆಗಳಲ್ಲಿ ಉಳಿದುಕೊಂಡಿದೆ.

ರಾಜ್ಯಶಾಸ್ತ್ರದ ಸಾವರಿನ್ ಬೇರೊಂದು ದಾರಿ ಹಿಡಿಯಿತು. ತನ್ನ ಮೇಲೆ ಇನ್ನೊಬ್ಬರಿಲ್ಲದ ಅಧಿಕಾರ ಎಂಬ ವಿಚಾರವನ್ನು 1576ರಲ್ಲಿ ಫ್ರಾನ್ಸಿನ ಚಿಂತಕ ಜಾನ್ ಬೊದಾ ವಿಸ್ತಾರವಾಗಿ ಪ್ರತಿಪಾದಿಸಿದ. ಆಗ ಆ ಅಧಿಕಾರ ದೊರೆಯ ಕೈಯಲ್ಲಿತ್ತು. ಇಂಗ್ಲೆಂಡಿನಲ್ಲಿ ಅದು ಮೆಲ್ಲನೆ ಪಾರ್ಲಿಮೆಂಟಿಗೆ ಜಾರಿತು. ಭಾರತ 1947ರ ಆಗಸ್ಟ್ 15ರ ನಂತರವೂ 1950ರ ಜನವರಿ 26ರವರೆಗೆ ಡೊಮಿನಿಯನ್ ಆಗಿದ್ದು, ಬ್ರಿಟನ್ನಿನ ಆರನೆಯ ಜಾರ್ಜ್ ಅದರ ರಾಜನಾಗಿದ್ದ. ಆ ದಿನದಿಂದ ಜಾರಿಗೆ ಬಂದ ಸಂವಿಧಾನದ ಪ್ರಸ್ತಾವನೆ ದೇಶವನ್ನು ಸಾವರಿನ್ ಎಂದು ಕರೆಯಿತು. ಅಂದರೆ ನಮಗೆ ಇನ್ನು ಸಾವರಿನ್ ಇಲ್ಲ ಎಂಬುದನ್ನು ಹೇಳಲು ಅದೇ ಪದ ಬೇಕಾಯಿತು! ಚಿನ್ನದ ಬಾಂಡಿನ ಸಾವರಿನ್ ಈ ಕವಲಿನದು: ಭಾರತ ಸರ್ಕಾರ ಹೊಣೆ ಹೊತ್ತ ಬಾಂಡ್ ಎಂದಷ್ಟೇ ಅರ್ಥ.

ಹಿಂದಿಯವರು ಪ್ರಸ್ತಾವನೆಯಲ್ಲಿ ‘ಸಂಪೂರ್ಣ ಪ್ರಭುತ್ವ ಸಂಪನ್ನ’ ಎಂಬ ಉದ್ದದ ಪದಪುಂಜ ಇಟ್ಟುಕೊಂಡರು. ನಮ್ಮ ‘ಸಾರ್ವಭೌಮ’ ಚಿಕ್ಕದು, ಚೊಕ್ಕದು. ಇಡೀ ಭೂಮಿಯನ್ನು ಆಳುವ ಚಕ್ರವರ್ತಿಯ ಬಿರುದನ್ನು ತೆಗೆದು ಗಣರಾಜ್ಯಕ್ಕೆ ತೊಡಿಸಿದ್ದು ನನಗೆ ಬಹಳ ಇಷ್ಟ. ಕೌರವನಿಗೂ ರಾಜ್‌ಕುಮಾರ್ ಅವರಿಗೂ ಒಪ್ಪಿದ ಪದ ದೇಶಕ್ಕೂ ಒಪ್ಪಿದೆ.

ತೊಡಕಿರುವುದು ಬ್ರಿಟನ್ನಿನ ಸುದ್ದಿ ಅನುವಾದಿಸುವಾಗ. ಅಲ್ಲಿನ ಕಾನೂನಿನಲ್ಲಿ ಸಾವರಿನ್ ಎಂದರೆ ಪಟ್ಟದಲ್ಲಿರುವ ಹೆಣ್ಣೂ ಹೌದು, ಗಂಡೂ ಹೌದು. 2022ರಲ್ಲಿ ಎರಡನೆಯ ಎಲಿಜಬೆತ್ ತೀರಿಕೊಂಡಾಗ ‘ಕ್ವೀನ್ಸ್ ಕೌನ್ಸೆಲ್’ ಎಂಬ ಹಿರಿಯ ವಕೀಲರೆಲ್ಲ ರಾತ್ರಿ ಬೆಳಗಾಗುವಷ್ಟರಲ್ಲಿ ‘ಕಿಂಗ್ಸ್ ಕೌನ್ಸೆಲ್’ ಆದರು. ಸಾವರಿನ್ ಎಂದು ಬರೆದಿದ್ದಲ್ಲಿ ಏನನ್ನೂ ಬದಲಿಸಬೇಕಾಗಲಿಲ್ಲ. ಇದಕ್ಕೆ ‘ಸಾರ್ವಭೌಮ’ ಹಾಕಿದರೆ ಇಡೀ ಅಧಿಕಾರ ಅರಮನೆಗೆ ಮರಳಿದಂತೆ ಕೇಳಿಸುತ್ತದೆ. ‘ದೊರೆ’ ಎಂದರೆ ಪಕ್ಕದಲ್ಲಿ ದೊರೆಸಾನಿ ಬಂದು ನಿಲ್ಲುತ್ತಾಳೆ. ನಾನು ‘ಅರಸು’ ಎಂಬುದರ ಕಡೆಗೆ ವಾಲಿದ್ದೇನೆ. ಅರಸ, ಅರಸಿ ಎರಡನ್ನೂ ಒಳಗೊಳ್ಳುವ ರೂಪ ಅದು, ‘ಅರಸೊತ್ತಿಗೆ’ಯಲ್ಲಿ ಈಗಲೂ ಬಳಕೆಯಲ್ಲಿದೆ. ಅನುವಾದ ಮಾಡುವವರು ಏನು ಬರೆಯುತ್ತೀರಿ, ತಿಳಿಸಿ. ಜೊತೆಗೆ ಇನ್ನೊಂದು: ಹುಬ್ಬಳ್ಳಿ, ಕಲಬುರಗಿ ಕಡೆ ಚಿನ್ನದ ಮಾತು ತೊಲದಲ್ಲೇ ನಡೆಯುತ್ತದೆಯಲ್ಲ, ಅಲ್ಲಿನ ಹಳಬರ ಬಾಯಲ್ಲಿ ಸವರನ್ ಅಥವಾ ಪವನ್ ಕೇಳಿದವರು ಇದ್ದೀರಾ?