ಟಿಜೆ ಹಿಂದಿನ ಆಕ್ಸಲ್: ಮೊದಲು ಲಾಕರ್ ಆರಿಸಬೇಕೋ, ಆಕ್ಸಲ್ ಬದಲಿಸಬೇಕೋ?

ಕಲ್ಲುದಾರಿ:

ನನ್ನದು 1998ರ ಜೀಪ್ ರ‍್ಯಾಂಗ್ಲರ್ ಟಿಜೆ. 4.0 ಲೀಟರ್ ಎಂಜಿನ್, ಐದು ಗೇರಿನ ಮ್ಯಾನ್ಯುಯಲ್, ಹಿಂದಿನ ಆಕ್ಸಲ್ ಡಾನಾ 35, ಅದರ ಗೇರ್ ಅನುಪಾತ 3.07 (ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ 3.07 ಸುತ್ತು). ಎರಡು ವರ್ಷಗಳ ಹಿಂದೆ 33 ಇಂಚಿನ ಟೈರ್ ಹಾಕಿದೆ. ಅದೇ ಹುರುಪಿನಲ್ಲಿ, ತಿರುವಿನಲ್ಲಿ ಎರಡು ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್‌ನ ಸ್ಟಾರ್ ಗೇರುಗಳನ್ನು ತೆಗೆದು, ಅವುಗಳನ್ನು ಹಿಡಿದಿಡುವ ಹಳೆಯ ಕೇಜಿನೊಳಗೇ ಕೂರುವ ಸಣ್ಣ ಸ್ವಯಂಚಾಲಿತ ಲಾಕರ್ (ಎರಡೂ ಚಕ್ರಗಳು ಒಟ್ಟಿಗೆ ತಿರುಗುವಂತೆ ಬಂಧಿಸುವ ಸಾಧನ) ಸೇರಿಸಿದೆ. ಒಂದು ಮಧ್ಯಾಹ್ನದ ಕೆಲಸ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಮೊನ್ನೆ ಭಾನುವಾರ ಎಣ್ಣೆ ಬದಲಿಸಲು ಕವರ್ ಬಿಚ್ಚಿದೆ. ಸೀಲ್ ಸೋರುತ್ತಿತ್ತೆಂದು ಎಡಚಕ್ರವನ್ನು ತಿರುಗಿಸುವ ಶಾಫ್ಟನ್ನೂ ಎಳೆದೆ. ಬರಲೇ ಇಲ್ಲ. ಮರದ ತುಂಡು ಇಟ್ಟು ಸುತ್ತಿಗೆಯಿಂದ ತಟ್ಟಿದ ಮೇಲೆ ಕಿರುಗುಟ್ಟುತ್ತಾ ಹೊರಬಂತು. ಒರೆಸಿ, ತುದಿಯ ಹಲ್ಲುಗಳ ಸಾಲಾದ ಸ್ಪ್ಲೈನಿಗೆ ಉಕ್ಕಿನ ಅಳತೆಪಟ್ಟಿ ಹಿಡಿದು ನೋಡಿದರೆ ನೆಟ್ಟಗಿರಬೇಕಾದ ಹಲ್ಲುಗಳು ಹಗ್ಗದ ಹುರಿಯಂತೆ ಓರೆಯಾಗಿವೆ. ತುದಿಯಿಂದ ತುದಿಗೆ ಸುಮಾರು ಅರ್ಧ ಹಲ್ಲಿನಷ್ಟು ತಿರುಚಿಕೊಂಡಿದೆ. ತಪ್ಪು ನನ್ನದೇ. ಆ ಟೈರಿಗೆ, ಆ ಲಾಕರಿಗೆ ಮಾಡಿದ ಆಕ್ಸಲ್ ಇದಲ್ಲ.

ಈಗ ಒಳ್ಳೆಯ ಲಾಕರ್ ಹಾಕಿಸಬೇಕೆಂದಿದ್ದೇನೆ. ಗಾಳಿಯದ್ದೋ, ವಿದ್ಯುತ್ತಿನದ್ದೋ, ಅಥವಾ ತಾನಾಗಿಯೇ ಹಿಡಿಯುವ ಡೆಟ್ರಾಯ್ಟ್ ಲಾಕರೋ? ಇದೇ ಜೀಪಿನಲ್ಲಿ ದಿನವೂ ಕೆಲಸಕ್ಕೆ ಹೋಗುತ್ತೇನೆ. 35 ಇಂಚಿನ ಟೈರಿನ ಆಸೆ ಇಲ್ಲ.

ಸ್ಪ್ಲೈನ್ ಲೆಕ್ಕಿಗ:

ಮೊದಲಿಗೆ, ಆ ಶಾಫ್ಟನ್ನು ಮತ್ತೆ ಒಳಗೆ ಹಾಕಬೇಡಿ. ತಿರುಚಿ ಹಾಗೆಯೇ ನಿಂತ ಉಕ್ಕು ತನ್ನ ಮಿತಿ ದಾಟಿದೆ. ಡಾನಾ 35ರಲ್ಲಿ ಶಾಫ್ಟನ್ನು ಹಿಡಿದಿಟ್ಟಿರುವುದು ಅದರ ಒಳತುದಿಯ ಸಿ-ಕ್ಲಿಪ್ (C ಆಕಾರದ ಪುಟ್ಟ ಬಳೆ) ಒಂದೇ. ಕ್ಲಿಪ್ಪಿನಿಂದ ಈಚೆಗೆ ಎಲ್ಲೇ ಮುರಿದರೂ ಚಕ್ರ, ಡ್ರಮ್ಮು, ಮುರಿದ ತುಂಡು ಎಲ್ಲವೂ ಒಟ್ಟಿಗೆ ಹೊರಗೆ ಜಾರುತ್ತವೆ. ದಿನವೂ ಓಡಿಸುವ ಗಾಡಿ ಎಂದಿದ್ದೀರಿ, ಅದಕ್ಕೇ ಹೇಳುತ್ತಿದ್ದೇನೆ.

ಇನ್ನು ಲೆಕ್ಕ. ನಿಮ್ಮ ಎಂಜಿನ್ನಿನ ಟಾರ್ಕ್ ಸುಮಾರು 300 ನ್ಯೂಟನ್ ಮೀಟರ್. ಮೊದಲ ಗೇರ್ 3.83, ಟ್ರಾನ್ಸ್‌ಫರ್ ಕೇಸಿನ (ಮುಂದಿನ-ಹಿಂದಿನ ಆಕ್ಸಲ್ಲಿಗೆ ಬಲ ಹಂಚುವ ಪೆಟ್ಟಿಗೆ) ನಿಧಾನದ ಗೇರು ಲೋ 2.72, ಆಕ್ಸಲ್ಲಿನ ದೊಡ್ಡ ಗೇರು ಕ್ರೌನ್‌ನ ಅನುಪಾತ 3.07. ಗುಣಿಸಿದರೆ ಸುಮಾರು 9,600 ನ್ಯೂಟನ್ ಮೀಟರ್. ಮಾಮೂಲಿ ಡಿಫರೆನ್ಷಿಯಲ್ ಎರಡು ಶಾಫ್ಟಿಗೂ ಸಮಪಾಲು ಹಂಚುತ್ತದೆ, ಒಂದು ಚಕ್ರ ಜಾರಿದರೆ ಇನ್ನೊಂದಕ್ಕೂ ಅಷ್ಟೇ ಅಲ್ಪ ಬಲ. ಲಾಕರ್ ಹಾಗಲ್ಲ: ಒಂದು ಚಕ್ರ ಗಾಳಿಯಲ್ಲಿದ್ದರೆ ಆ ಆಕ್ಸಲ್ಲಿಗೆ ಬಂದದ್ದೆಲ್ಲ ನೆಲದಲ್ಲಿರುವ ಚಕ್ರದ ಶಾಫ್ಟಿಗೇ. ಸಾಮಾನ್ಯವಾಗಿ ಅಷ್ಟು ಬಲ ಶಾಫ್ಟಿನವರೆಗೆ ಬರುವುದಿಲ್ಲ, ಏಕೆಂದರೆ ಅದಕ್ಕೂ ಮೊದಲೇ ಟೈರ್ ಜಾರುತ್ತದೆ. ಟೈರ್ ಜಾರುವುದೇ ಆಕ್ಸಲ್ಲಿನ ಫ್ಯೂಸ್. ಎರಡು ಕಲ್ಲಿನ ನಡುವೆ ಟೈರ್ ಸಿಕ್ಕಿಕೊಂಡಾಗ, ಇಲ್ಲವೇ ಗಿರ್ರೆಂದು ತಿರುಗುತ್ತಿದ್ದ ಚಕ್ರ ತಟ್ಟನೆ ಗಟ್ಟಿ ನೆಲಕ್ಕೆ ಬಿದ್ದಾಗ ಆ ಫ್ಯೂಸ್ ಕೆಲಸ ಮಾಡುವುದಿಲ್ಲ. ನಿಮ್ಮ ಎಡ ಶಾಫ್ಟ್ ತಿರುಚಿದ್ದು ಅಂಥದೇ ಗಳಿಗೆಯಲ್ಲಿ ಎಂದು ನನ್ನ ಊಹೆ.

ಹಾಗಾಗಿ ಲಾಕರಿಗಿಂತ ಮೊದಲು ಶಾಫ್ಟಿನ ದಪ್ಪ ನೋಡಿ. ಡಾನಾ 35ರದ್ದು 27 ಸ್ಪ್ಲೈನ್, 1.18 ಇಂಚು. ಅದಕ್ಕಿಂತ ದೊಡ್ಡ ಆಕ್ಸಲ್ ಡಾನಾ 44ರದ್ದು 30 ಸ್ಪ್ಲೈನ್, 1.31 ಇಂಚು. ನೋಡಲು ಅಷ್ಟೇನೂ ವ್ಯತ್ಯಾಸವಿಲ್ಲ, ಆದರೆ ತಿರುಚುವ ಬಲವನ್ನು ತಡೆಯುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. ಶೇಕಡಾ ಹನ್ನೊಂದು ಹೆಚ್ಚು ದಪ್ಪಕ್ಕೆ ಶೇಕಡಾ ಮೂವತ್ತೇಳು ಹೆಚ್ಚು ಶಕ್ತಿ. ಕ್ರೌನ್ ವೀಲ್ ಕೂಡ ಏಳೂವರೆ ಇಂಚಿನಿಂದ ಎಂಟೂವರೆಗೆ ಹೋಗುತ್ತದೆ.

ಡಾನಾ 35ಕ್ಕೇ 30 ಸ್ಪ್ಲೈನಿನ ಮಿಶ್ರಲೋಹದ ಶಾಫ್ಟು, ಹೊಂದುವ ಲಾಕರು ಸೇರಿದ ಕಿಟ್‌ಗಳಿವೆ. 33 ಇಂಚಿಗೆ ಸಾಲಬಹುದು. ಕ್ರೌನು, ಹೌಸಿಂಗು ಮಾತ್ರ ಹಳೆಯವೇ. ನಾನಾದರೆ ಆ ಹಣವನ್ನು ಅಲ್ಲಿ ಹಾಕುವುದಿಲ್ಲ.

ವೆಲ್ಡಿಂಗ್ ಕನ್ನಡಕ:

ಫೋರ್ಡ್ ಎಕ್ಸ್‌ಪ್ಲೋರರ್‌ನ 8.8 (ಕ್ರೌನ್ ವೀಲ್ 8.8 ಇಂಚು) ಆಕ್ಸಲ್ಲನ್ನು ಯಾರೂ ಹೇಳಲಿಲ್ಲವಲ್ಲ! 1995ರಿಂದ 2001ರವರೆಗಿನದ್ದು ಹುಡುಕಿ. 31 ಸ್ಪ್ಲೈನ್, ಡಿಸ್ಕ್ ಬ್ರೇಕ್, ಚಕ್ರದ ಐದು ಬೋಲ್ಟುಗಳ ಅಂತರ ನಿಮ್ಮ ಜೀಪಿನದೇ. ಇದೂ ಸಿ-ಕ್ಲಿಪ್ ಜಾತಿಯದೇ, ಆದರೆ ಶಾಫ್ಟ್ ಮುರಿದರೆ ಡಿಸ್ಕನ್ನು ಕ್ಯಾಲಿಪರ್ ಸ್ವಲ್ಪವಾದರೂ ಹಿಡಿದುಕೊಳ್ಳುತ್ತದೆ.

ಕೆಲಸ ಮಾತ್ರ ಕಡಿಮೆಯಿಲ್ಲ. ಟಿಜೆಗಿಂತ ಹಿಂದಿನ ಮಾದರಿ ವೈಜೆಯಲ್ಲಿ ಪಟ್ಟಿ ಸ್ಪ್ರಿಂಗು, ಎರಡು ಪೀಠ ಬೆಸೆದರೆ ಬಹುತೇಕ ಮುಗಿಯಿತು. ಟಿಜೆಯಲ್ಲಿ ಸುರುಳಿ ಸ್ಪ್ರಿಂಗು: ನಾಲ್ಕು ಕಂಟ್ರೋಲ್ ಆರ್ಮ್, ಟ್ರ್ಯಾಕ್ ಬಾರ್, ಸ್ಪ್ರಿಂಗ್ ಪೀಠ, ಶಾಕ್ ಎಲ್ಲಕ್ಕೂ ಹೊಸದಾಗಿ ಬ್ರಾಕೆಟ್ ಬೆಸೆಯಬೇಕು. ಪ್ರೊಪೆಲ್ಲರ್ ಶಾಫ್ಟಿನ ಫ್ಲಾಂಜ್ ಬದಲಾಗಬೇಕು, ಹ್ಯಾಂಡ್‌ಬ್ರೇಕ್ ಕೇಬಲ್ಲಿಗೆ ಬೇರೆ ದಾರಿ ಹುಡುಕಬೇಕು. ಆಕ್ಸಲ್ ಟ್ಯೂಬುಗಳನ್ನು ನಡುವಿನ ಎರಕದ ಭಾಗಕ್ಕೆ ಒತ್ತಿ ಕೂರಿಸಿರುತ್ತಾರೆ, ಜೋರು ಬಿದ್ದರೆ ಅವು ತಿರುಗಬಲ್ಲವು. ಅಲ್ಲಿ ಸುತ್ತಲೂ ಬೆಸೆಯುವುದು ಒಳ್ಳೆಯದು: ಎರಕವನ್ನು ಮೊದಲು ಕಾಯಿಸಿ, ಚಿಕ್ಕ ಚಿಕ್ಕ ತುಂಡುಗಳಾಗಿ ಎದುರುಬದುರು ಬೆಸೆದು, ನಿಧಾನ ಆರಲು ಬಿಡಿ. ನಾನು ಮೊದಲ ಸಲ ಅವಸರದಲ್ಲಿ ಒಂದೇ ಏಟಿಗೆ ಸುತ್ತು ಹಾಕಿ ಟ್ಯೂಬನ್ನೇ ಬಾಗಿಸಿಕೊಂಡೆ. ಹಿಂದಿನ ಟೈರಿನ ಒಳ ಅಂಚು ಕೆಲವೇ ವಾರಗಳಲ್ಲಿ ಬೋಳಾಯಿತು.

ಬೆಸುಗೆ ಕೈಗೆ ಹತ್ತದಿದ್ದರೆ ಟಿಜೆಯದೇ ಡಾನಾ 44 ತನ್ನಿ. ಎಲ್ಲ ಬ್ರಾಕೆಟ್ಟೂ ಅದರಲ್ಲೇ ಇರುತ್ತವೆ, ಸಿ-ಕ್ಲಿಪ್ಪಿನ ಗೊಡವೆಯೂ ಇಲ್ಲ. ಪ್ರೊಪೆಲ್ಲರ್ ಶಾಫ್ಟಿನ ಉದ್ದವನ್ನು ಮಾತ್ರ ಅಳೆದು ನೋಡಿ.

ಇಳಿಜಾರು:

ಲಾಕರಿನ ಬಗೆ ಕೇಳಿದ್ದೀರಿ, ಅದಕ್ಕೇ ಉತ್ತರ ಬಂದಿಲ್ಲ. ಹೇಳುತ್ತೇನೆ.

ನಾನು ಐದು ವರ್ಷ ಗಿಡ್ಡ ಜೀಪಿನ ಹಿಂದೆ ಸ್ವಯಂಚಾಲಿತ ಲಾಕರ್ ಇಟ್ಟುಕೊಂಡು ಓಡಿಸಿದ್ದೇನೆ. ಕಲ್ಲಿನಲ್ಲಿ ಅದರಷ್ಟು ನಂಬಿಕಸ್ಥ ಇನ್ನೊಂದಿಲ್ಲ. ಗುಂಡಿ ಒತ್ತುವ ಗೋಜಿಲ್ಲ, ತಂತಿಯಿಲ್ಲ, ಕೊಳವೆಯಿಲ್ಲ. ಡಾಂಬರಿನ ಮೇಲೆ ಬೇರೆಯೇ ಕಥೆ. ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ ಹಿಂದಿನಿಂದ ಢಣ್ ಎಂಬ ಸದ್ದು, ಗಾಡಿ ಅರ್ಧ ಅಡಿ ಪಕ್ಕಕ್ಕೆ ಹೆಜ್ಜೆ ಇಡುತ್ತದೆ. ಟಿಜೆಯ ಚಕ್ರಾಂತರ (ಮುಂದಿನ-ಹಿಂದಿನ ಚಕ್ರಗಳ ನಡುವಿನ ದೂರ) 93.4 ಇಂಚು ಮಾತ್ರ, ಅದಕ್ಕೇ ಇದು ಹೆಚ್ಚು ಕಾಣುತ್ತದೆ. ಉದ್ದದ ಗಾಡಿಯವರಿಗೆ ಗೊತ್ತೇ ಆಗುವುದಿಲ್ಲ. ಒದ್ದೆಯಾದ ಅಡ್ಡ ಇಳಿಜಾರಿನಲ್ಲಿ ಇನ್ನೂ ಕಷ್ಟ. ಮಾಮೂಲಿ ಡಿಫರೆನ್ಷಿಯಲ್ ಇದ್ದರೆ ಒಂದು ಚಕ್ರ ಜಾರಿ ಇನ್ನೊಂದು ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಲಾಕ್ ಆಗಿದ್ದರೆ ಎರಡೂ ಒಟ್ಟಿಗೆ ಜಾರುತ್ತವೆ, ಹಿಂಭಾಗ ಸದ್ದಿಲ್ಲದೆ ಕೆಳಕ್ಕೆ ಹೋಗುತ್ತದೆ. ಒಮ್ಮೆ ಮರಕ್ಕೆ ಬಾಗಿಲು ಒರಗಿಸಿಯೇ ನಿಂತದ್ದು ನಾನು.

ದಿನವೂ ಓಡಿಸುವವರಿಗೆ ಬೇಕಾದಾಗ ಹಾಕಿ ಬೇಡವಾದಾಗ ಬಿಡುವ ಲಾಕರೇ ಸರಿ. ಗಾಳಿಯದ್ದಕ್ಕೆ 100 ಪಿಎಸ್‌ಐ ಆಸುಪಾಸಿನ ಕಂಪ್ರೆಸರ್ ಬೇಕು, ಅದರಿಂದಲೇ ಟೈರಿಗೂ ಗಾಳಿ ಹಿಡಿಯಬಹುದು. ತೆಳು ಕೊಳವೆಯನ್ನು ಎಕ್ಸಾಸ್ಟಿನಿಂದ ದೂರ ಹಾಯಿಸಿ. ವಿದ್ಯುತ್ತಿನದ್ದು ಸರಳ, ಆದರೆ ಹಿಂದಕ್ಕೆ ಮುಂದಕ್ಕೆ ದಿಕ್ಕು ಬದಲಿಸುವಾಗ ಒಂದು ಕ್ಷಣ ಬಿಟ್ಟು ಮತ್ತೆ ಹಿಡಿಯುವ ವಿನ್ಯಾಸಗಳಿವೆ. ಖರೀದಿಸುವ ಮುನ್ನ ಅದನ್ನೊಂದು ಕೇಳಿಕೊಳ್ಳಿ.

ಸ್ಪ್ಲೈನ್ ಲೆಕ್ಕಿಗ:

ಮರೆತಿದ್ದೆ: ಅನುಪಾತವನ್ನು ನಿರ್ಧರಿಸುವ ಮುನ್ನ ಲಾಕರ್ ಕೊಳ್ಳಬೇಡಿ. 33 ಇಂಚಿಗೆ 3.07 ಬಹಳ ಸೋಮಾರಿ, ಐದನೇ ಗೇರು ಇದ್ದೂ ಇಲ್ಲದಂತಾಗಿರಬೇಕು. 4.10 ಚೆನ್ನಾಗಿ ಹೊಂದುತ್ತದೆ. ಡಾನಾ 44ರಲ್ಲಿ 3.73ರವರೆಗೆ ಒಂದು ಕೇಜ್, 3.92ರಿಂದ ಮೇಲಕ್ಕೆ ಇನ್ನೊಂದು. ಲಾಕರ್ ಅದಕ್ಕೆ ತಕ್ಕದ್ದೇ ಆಗಬೇಕು. 8.8ರಲ್ಲಿ ಈ ತೊಡಕಿಲ್ಲ. ನಿಮ್ಮ ಗಾಡಿಯ ಮುಂಭಾಗದ ಆಕ್ಸಲ್ ಡಾನಾ 30ಕ್ಕೂ ಅದೇ ಅನುಪಾತ ಹಾಕಲೇಬೇಕು, ಅಲ್ಲೂ 3.73ರಿಂದ ಮೇಲಕ್ಕೆ ಕೇಜ್ ಬೇರೆ. ಎರಡು ಆಕ್ಸಲ್ಲಿಗೆ ಎರಡು ಅನುಪಾತ ಇಟ್ಟುಕೊಂಡು ನಾಲ್ಕು ಚಕ್ರದ ಲಿವರ್ ಎಳೆದರೆ ಎರಡೂ ಪರಸ್ಪರ ಜಗ್ಗಾಡಿ ಏನಾದರೊಂದನ್ನು ಮುರಿಯುತ್ತವೆ.

ಇನ್ನೊಂದು: 4.10ಕ್ಕೆ ಹೋದರೆ ಶಾಫ್ಟಿಗೆ ಬರಬಹುದಾದ ಬಲವೂ ಮೂರನೇ ಒಂದು ಪಾಲು ಏರುತ್ತದೆ. ದಪ್ಪದಿಂದ ಗಳಿಸಿದ್ದು ಬಹುತೇಕ ಅಲ್ಲಿಗೇ ವಜಾ. ಆದ್ದರಿಂದ ಮಿಶ್ರಲೋಹದ ಶಾಫ್ಟನ್ನೇ ಹಾಕಿ. ಲಾಕರ್ ಹಾಕಿದ ಮೇಲೆ ಕಾಲನ್ನೂ ಹಗುರ ಮಾಡಿ.

ಕಲ್ಲುದಾರಿ:

ಮುಂದಿನ ಆಕ್ಸಲ್ಲಿನ ಯೋಚನೆ ನನಗೆ ಬಂದೇ ಇರಲಿಲ್ಲ, ನಾಚಿಕೆಯಾಗುತ್ತಿದೆ. ನನ್ನ ಬೆಸುಗೆ ನನಗೇ ಗೊತ್ತು, 8.8 ಬೇಡ. ಡಾನಾ 44, 4.10, ಗಾಳಿಯ ಲಾಕರ್. ಮುಂದೆಯೂ 4.10, ಅಲ್ಲಿಗೆ ಸದ್ಯ ಲಾಕರ್ ಇಲ್ಲ.

ಆಕ್ಸಲ್ ಸಿಗುವವರೆಗೆ ಲಾಕರ್ ತೆಗೆದು ಹಳೆಯ ಸ್ಟಾರ್ ಗೇರುಗಳನ್ನೂ ಮಾಮೂಲಿ ಶಾಫ್ಟೊಂದನ್ನೂ ಹಾಕುತ್ತೇನೆ. ಗೇರುಗಳು ಡಬ್ಬಿಯಲ್ಲಿ ಭದ್ರವಾಗಿವೆ. ಸ್ಟಾರ್ ಗೇರುಗಳ ನಡುವೆ ಹಾಯುವ ಅಡ್ಡಪಿನ್ನನ್ನು ಹಿಡಿಯುವ ಪುಟ್ಟ ಬೋಲ್ಟಿನ ತಲೆ ಮಾತ್ರ ಸ್ವಲ್ಪ ಸವೆದಿದೆ, ನಡೆಯುತ್ತದೆಯೇ?

ವೆಲ್ಡಿಂಗ್ ಕನ್ನಡಕ:

ನಡೆಯುವುದಿಲ್ಲ. ಹೊಸದನ್ನೇ ಹಾಕಿ, ಎಳೆಗೆ ಅಂಟು ಹಚ್ಚಿ ಬಿಗಿಯಿರಿ. ಅದು ಸಡಿಲಾದರೆ ಪಿನ್ ಹೊರಬಂದು ಹೌಸಿಂಗಿಗೇ ಹೊಡೆಯುತ್ತದೆ.