ಸೈನಿಕರ ಮನೆಯವರಿಗಾಗಿ ಟ್ರಸ್ಟ್: ‘ಬೆಸೋರ್’ ಹೆಸರು ಆದೀತೇ?

ಸಾಗರದ ಸಭೆ:
ಸಾಗರ, ಹೊಸನಗರ ಕಡೆಯ ಮಾಜಿ ಸೈನಿಕರು ಮತ್ತು ಅವರ ಮನೆಯವರಿಗಾಗಿ ಚರ್ಚಿನವರೇ ಸೇರಿ ಟ್ರಸ್ಟ್ ಮಾಡಬೇಕೆಂದಿದ್ದೇವೆ. ಕೊರ್ನೇಲಿ, ಬೆಸೋರ್ ಎಂಬ ಎರಡು ಹೆಸರು ಬಂದಿವೆ. ಯಾವುದು ಒಪ್ಪುತ್ತದೆ? ಟ್ರಸ್ಟಿನ ಡೀಡ್ (ಸ್ಥಾಪನೆಯ ಪತ್ರ) ಬರೆಸುವಾಗ ಎಲ್ಲಿ ಎಡವುತ್ತಾರೆ?

ಹಳ್ಳದ ದಂಡೆ:
ಬೆಸೋರ್ ಇಡಿ. ಕೊರ್ನೇಲಿ ಬೈಬಲಿನಲ್ಲಿ ಬರುವ ಕೈಸರೈಯದ ಶತಾಧಿಪತಿ, ದಾನಧರ್ಮ ಮಾಡುತ್ತಿದ್ದವನು, ಒಳ್ಳೆಯ ಹೆಸರೇ. ಆದರೆ ನಿಮ್ಮ ಕೆಲಸಕ್ಕೆ ಹೊಂದುವ ಕಥೆ ಇರುವುದು ಬೈಬಲಿನ 1 ಸಮುವೇಲ 30ನೇ ಅಧ್ಯಾಯದಲ್ಲಿ. ಅಮಾಲೇಕ್ಯರು ದಾವೀದನವರು ನೆಲೆಸಿದ್ದ ಚಿಕ್ಲಗ್ ಊರು ಸುಟ್ಟು ಹೆಂಡಿರು ಮಕ್ಕಳನ್ನು ಹಿಡಿದೊಯ್ದಾಗ ದಾವೀದ 600 ಜನರೊಡನೆ ಬೆನ್ನಟ್ಟುತ್ತಾನೆ. ಬೆಸೋರ್ ಹಳ್ಳ ಬರುವಷ್ಟರಲ್ಲಿ 200 ಜನ ದಣಿದು ಕೂರುತ್ತಾರೆ, ದಾಟಲು ಆಗುವುದಿಲ್ಲ. ಗೆದ್ದು ಬಂದ 400 ಜನರಲ್ಲಿ ಕೆಲವರು ‘ಇವರಿಗೆ ಹೆಂಡತಿ ಮಕ್ಕಳಷ್ಟೇ ಸಾಕು, ಪಾಲು ಬೇಡ’ ಅಂತಾರೆ. ದಾವೀದ ಒಪ್ಪುವುದಿಲ್ಲ. ಕಾಳಗಕ್ಕೆ ಹೋದವನಿಗೂ ಸಾಮಾನು ಕಾದವನಿಗೂ ಸಮಪಾಲು, ಅದೇ ಮುಂದೆ ಕಟ್ಟಳೆಯಾಯಿತು. 21ನೇ ವಚನ ಬಿಡಬೇಡಿ: ಪಾಲಿನ ಮಾತು ಏಳುವ ಮೊದಲೇ ಅವನು ಆ 200 ಜನರ ಹತ್ತಿರ ಹೋಗಿ ಕ್ಷೇಮ ಕೇಳುತ್ತಾನೆ.

ಬರೀ ‘ಬೆಸೋರ್’ ಅಂದರೆ ನಮ್ಮ ಕಿವಿಗೆ ‘ಬೇಸರ’ ಅಂತ ಬೀಳುತ್ತದೆ. ‘ಬೆಸೋರ್ ಹಳ್ಳ’ ಎಂದೇ ಬರೆಯಿರಿ. ಮಳೆಗಾಲದ ಹಳ್ಳ ಎಂಥದ್ದೆಂದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಡೀಡ್ ಬರಹ:
ಸೊಸೈಟಿಯಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಜನ ಬೇಕು. ಚಿಕ್ಕ ಗುಂಪಿಗೆ ಟ್ರಸ್ಟೇ ಸಲೀಸು: ಸ್ಟಾಂಪ್ ಪೇಪರಿನ ಮೇಲೆ ಡೀಡ್, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ, ಆಮೇಲೆ ಟ್ರಸ್ಟಿನ ಹೆಸರಲ್ಲೇ ಪ್ಯಾನ್, ಬ್ಯಾಂಕ್ ಖಾತೆ.

ಎಡವುವುದು ಉದ್ದೇಶದ ಪ್ಯಾರಾದಲ್ಲಿ. ‘ಕ್ರೈಸ್ತ ಸೈನಿಕರಿಗೆ’ ಎಂದು ಬರೆದಿರೋ, 80ಜಿ ಎಂದು ಕರೆಯುವ, ದಾನ ಕೊಟ್ಟವರಿಗೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ ಮಾನ್ಯತೆ ಕೈತಪ್ಪಿತು. ಒಂದೇ ಧರ್ಮದವರಿಗೆ ಮೀಸಲಾದ ಟ್ರಸ್ಟಿಗೆ ಅದು ಸಿಗುವುದಿಲ್ಲ. ‘ಜಾತಿ ಮತ ಭೇದವಿಲ್ಲದೆ’ ಎಂದು ಸ್ಪಷ್ಟವಾಗಿ ಹಾಕಿಸಿ. ಪ್ರಾರ್ಥನಾ ಕೂಟದಂಥ ಧಾರ್ಮಿಕ ಖರ್ಚು ವರ್ಷದ ಆದಾಯದ ಶೇ. 5 ಮೀರಬಾರದು, ಅದಕ್ಕೆ ಬೇರೆ ಲೆಕ್ಕ ಇಡಿ. ಸರ್ಕಾರದ್ದೇ ಸಂಸ್ಥೆ ಅನ್ನಿಸುವ ಹೆಸರು ಬೇಡ, 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ಅಡ್ಡ ಬರುತ್ತದೆ. ವಿದೇಶದ ಹಣ ಸದ್ಯಕ್ಕೆ ಮರೆತುಬಿಡಿ: ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿಗೆ 3 ವರ್ಷದ ಕೆಲಸ, ₹15 ಲಕ್ಷದ ಖರ್ಚು ತೋರಿಸಬೇಕು.

ಪಿಂಚಣಿ ಕಾಗದ:
ದುಡ್ಡು ಹಂಚುವುದಕ್ಕಿಂತ ಮೊದಲು ಕಾಗದಪತ್ರದ ಕೆಲಸ ಹಿಡಿಯಿರಿ. ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಹೋಗದಿದ್ದರೆ ಪಿಂಚಣಿ ನಿಲ್ಲುತ್ತದೆ. ಅಡಿಕೆ ಸುಲಿದು ಬೆರಳ ಗೆರೆ ಸವೆದ ಅಜ್ಜಿಯರ ಬೆರಳಚ್ಚು ಯಂತ್ರಕ್ಕೆ ಹೊಂದುವುದೇ ಕಷ್ಟ. ಮುಖ ತೋರಿಸಿ ಮಾಡುವ ಆ್ಯಪ್ ಇದೆ, ಆದರೆ ನೆಟ್‌ವರ್ಕ್ ಬೇಕು. ಹಾಗಾಗಿ ಸಿಗ್ನಲ್ ಸಿಗುವ ಕಡೆಗೆ ಕರೆದೊಯ್ಯಲು ಒಂದು ಜೀಪು ಗೊತ್ತು ಮಾಡಿಡಿ.

ಇನ್ನೊಂದು ತೊಡಕು ಹೆಸರಿನದು. ಸೇನೆ ಬಿಡುವಾಗ ಕೊಡುವ ಡಿಸ್ಚಾರ್ಜ್ ಬುಕ್ಕಿನಲ್ಲಿ ಹೆಂಡತಿಯ ಹೆಸರು ‘ಲೂಸಿ’, ಆಧಾರ್‌ನಲ್ಲಿ ‘ಲೂಸಿ ಮೇರಿ’ ಎಂದಿದ್ದರೆ ಕುಟುಂಬ ಪಿಂಚಣಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮನೆಯ ಯಜಮಾನರು ಬದುಕಿರುವಾಗಲೇ ಅಫಿಡವಿಟ್ ಜೊತೆ ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಸಿ. ಮೊದಲ ಭೇಟಿಯಲ್ಲೇ ಎರಡೂ ದಾಖಲೆ ಪಕ್ಕಪಕ್ಕ ಇಟ್ಟು ಒಂದೊಂದು ಅಕ್ಷರ ನೋಡಿ.